ಗೃಹಸ್ಥರ ಪುಟ: ಬರಿಯ ನಮೂನೆಯೂ ನಿಜವಾದ ಹೆಸರೂ



ನಮ್ಮ ಮನೆಗಳಲ್ಲಿ ಮದುವೆ ಮುಂಜಿಗಳು ಒದಗಿದಾಗ, ಲಗ್ನಪತ್ರಿಕೆಗಳ ಕಟ್ಟು ಅಚ್ಚುಕೂಟದಿಂದ ಬಂದ ಕೂಡಲೆ ನಡೆಯುವ ಕೆಲಸವು ಯಾವುದೆಂಬುದು ತಮಗೆಲ್ಲ ತಿಳಿದೇ ಇದೆ. ಮೂಲೆಗಳಿಗೆ ಅರಿಸಿನವನ್ನು ಹಚ್ಚಿ, ಮೊದಲನೆಯ ಪತ್ರಿಕೆಯನ್ನು ದೇವರ ಮುಂದಿಟ್ಟು, ಆಮೇಲೆ ಮನೆಯಲ್ಲಿ ಅಕ್ಷರವು ದುಂಡಾಗಿರುವವರೊಬ್ಬರನ್ನು ಕೂರಿಸಿ, ಲಕೋಟೆಯ ಮೇಲಿನ ಬರಿಯ ಗೆರೆಯಲ್ಲಿ ಒಬ್ಬೊಬ್ಬ ನಂಟರ ಹೆಸರನ್ನೂ ತುಂಬಿಸುವುದು. ಪತ್ರಿಕೆಯು ಎಷ್ಟೇ ಅಂದವಾಗಿರಲಿ, ಆ ಗೆರೆಯಲ್ಲಿ ಹೆಸರು ತಪ್ಪಿತೆಂದರೆ, "ಇಷ್ಟು ವರ್ಷದ ನಂಟಸ್ತನದಲ್ಲಿ ನಮ್ಮ ಹೆಸರೇ ಇವರಿಗೆ ತಿಳಿಯದೆ?" ಎಂದು ಬಂಧುಗಳು ನೊಂದುಕೊಳ್ಳುವರು. ಅಚ್ಚು ಎಲ್ಲರಿಗೂ ಒಂದೇ. ಹೆಸರು ಮಾತ್ರ ಅವರವರದು.

ಒಂದು ಭಾಗವನ್ನು ಸ್ಥಿರವಾಗಿ ಅಚ್ಚು ಹಾಕಿ ಇನ್ನೊಂದು ಭಾಗವನ್ನು ಬರಿದಾಗಿ ಬಿಡುವ ಈ ಉಪಾಯವು ಬಹಳ ಹಳೆಯದು. ಯೂರೋಪಿನಲ್ಲಿ ಮೊಳೆಯಚ್ಚಿನ ಮುದ್ರಣವು ಕಣ್ದೆರೆದ ಕಾಲದಲ್ಲಿಯೇ, 1454ರಲ್ಲಿ, ಮೈನ್ಸ್ ನಗರದಲ್ಲಿ ಮುದ್ರಿತವಾದ ಪಾಪಕ್ಷಮಾಪತ್ರಗಳಲ್ಲಿ, ಪಡೆಯುವವನ ಹೆಸರಿಗೂ ತಾರೀಖಿಗೂ ಸ್ಥಳವನ್ನು ಬಿಟ್ಟಿದ್ದರು. ಅಷ್ಟು ದೂರ ಹೋಗುವುದೇತಕ್ಕೆ? ಮದ್ದೂರಿನಿಂದ ಮಂಡ್ಯಕ್ಕೆ ಹೋಗುವ ದಾರಿಯಲ್ಲಿ ನಮ್ಮ ಗೆಜ್ಜಲಗೆರೆಯಿದೆ. ಜಿಲ್ಲೆಯ ಹಾಲು ಒಕ್ಕೂಟದ ಡೇರಿಯು ಇಲ್ಲಿಯೇ ಇರುವುದು. ಪ್ರತಿದಿನ ಬೆಳಗ್ಗೆ ಮನೆಗೆ ಬರುವ ಹಾಲಿನ ಪೊಟ್ಟಣವನ್ನು ಕೈಯಲ್ಲಿ ಹಿಡಿದು ನೋಡಿರಿ. ಬಣ್ಣ, ಚಿತ್ರ, ಹೆಸರು, ಅಳತೆ ಇವೆಲ್ಲವೂ ಮುಂಚಿತವಾಗಿಯೇ ಅಚ್ಚಾಗಿರುವುವು; ತಾರೀಖು ಮಾತ್ರ ಹಾಲು ತುಂಬುವ ದಿನ ಬೀಳತಕ್ಕದ್ದು. ಪೊಟ್ಟಣದ ಅಂದವು ಅಚ್ಚಿನದಾದರೂ, ಗೃಹಿಣಿಯು ಕಣ್ಣಿಟ್ಟು ಓದುವುದು ತಾರೀಖನ್ನೇ ಅಲ್ಲವೆ?

ಹಿಂದೆ ಕೈಯಿಂದ ತುಂಬುತ್ತಿದ್ದುದನ್ನು ಈಗ ಗಣಕಯಂತ್ರವೇ ತುಂಬುತ್ತದೆ. 1979ರಲ್ಲಿ ಅಮೆರಿಕದ ಬ್ರಿಕ್ಲಿನ್ ಮತ್ತು ಫ್ರಾಂಕ್‌ಸ್ಟನ್ ಎಂಬಿಬ್ಬರು ವಿಸಿಕ್ಯಾಲ್ಕ್ ಎಂಬ ಲೆಕ್ಕದ ಹಾಳೆಯನ್ನು ಹೊರತಂದರು. ಸ್ಪ್ರೆಡ್‌ಶೀಟ್ ಎಂದು ಜನರು ಕರೆಯುವ ಇಂಥ ಹಾಳೆಯಲ್ಲಿ ಅಡ್ಡಸಾಲುಗಳೂ ಕಂಬಸಾಲುಗಳೂ ಇರುವುವು. ಒಬ್ಬೊಬ್ಬ ಮನುಷ್ಯನಿಗೆ ಒಂದೊಂದು ಅಡ್ಡಸಾಲು. ಹೆಸರು, ಊರು, ಸಂಖ್ಯೆ ಮೊದಲಾದ ಒಂದೊಂದು ವಿವರಕ್ಕೆ ಒಂದೊಂದು ಕಂಬಸಾಲು. ಇನ್ನೊಂದು ಕಡೆಯಲ್ಲಿ, ಕಾರ್ಡಿನದೋ ಆಹ್ವಾನಪತ್ರಿಕೆಯದೋ ಒಂದು ನಮೂನೆಯನ್ನು ಬರೆದು, ಹೆಸರು ಬರಬೇಕಾದೆಡೆ ಆ ಕಂಬಸಾಲಿನ ತಲೆಬರಹವನ್ನೇ ಗುರುತಾಗಿ ಇಡುವರು. ಯಂತ್ರವು ಒಂದೊಂದೇ ಅಡ್ಡಸಾಲನ್ನು ಓದಿ, ಗುರುತಿದ್ದಲ್ಲಿ ನಿಜವಾದ ವಿವರವನ್ನು ಇಡುತ್ತ, ನೂರು ಹೆಸರಿಗೆ ನೂರು ಕಾರ್ಡುಗಳನ್ನು ನಿಮಿಷಾರ್ಧದಲ್ಲಿ ಮುಂದಿಡುವುದು. ಕಾಗದಗಳಿಗೆ ಮಾಡುವಾಗ ಇದಕ್ಕೆ ಮೇಲ್ ಮರ್ಜ್ ಎಂದೂ, ಇನ್‌ಡಿಸೈನ್ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿ ಡೇಟಾ ಮರ್ಜ್ ಎಂದೂ ಹೆಸರು.

ಈ ವಿದ್ಯೆಯ ಸೊಗಸನ್ನೂ ಅಪಾಯವನ್ನೂ ನಾನು ಹೋದ ವರ್ಷ ನಮ್ಮ ಮನೆಯ ಜಗಲಿಯ ಮೇಲೆಯೇ ಕಂಡೆನು. ನನ್ನ ಅಕ್ಕನ ಮಗಳು ಈ ಕೆಲಸವನ್ನು ಕಲಿತವಳು. ಸಮೀಪದ ಹಳ್ಳಿಯೊಂದರ ಮಹಿಳಾ ಹಾಲು ಉತ್ಪಾದಕರ ಸಂಘದವರು, ತಮ್ಮ 140 ಮಂದಿ ಸದಸ್ಯೆಯರಿಗೆ ಗುರುತಿನ ಕಾರ್ಡುಗಳನ್ನು ಮಾಡಿಕೊಡಬೇಕೆಂದು ಅವಳನ್ನು ಕೇಳಿದ್ದರು. ಕಾರ್ಡಿನ ಮೇಲೆ ಹೆಸರು, ಸದಸ್ಯತ್ವದ ಸಂಖ್ಯೆ, ಹಣ ಜಮೆಯಾಗುವ ಬ್ಯಾಂಕ್ ಖಾತೆಯ ಕೊನೆಯ ನಾಲ್ಕು ಅಂಕಿ ಇವಿಷ್ಟು. ಭಾವಚಿತ್ರವನ್ನು ಆಮೇಲೆ ಅಂಟಿಸುವುದೆಂದು ಗೊತ್ತಾಗಿತ್ತು. ಅವಳು ಹಸಿರು ಅಂಚಿನ ಬಲು ಚೆಲುವಾದ ನಮೂನೆಯೊಂದನ್ನು ಬರೆದು ತಂದು, "ಮಾವ, ನೋಡಿ, ಹೇಗಿದೆ?" ಎಂದಳು. ಹೆಸರಿನ ಸ್ಥಳದಲ್ಲಿ "ಗೀತಾ" ಎಂದಿತ್ತು. ನಾನು, "ಬಹಳ ಚೆನ್ನಾಗಿದೆಯಮ್ಮ" ಎಂದೆನು. ಸಂಘದವರೂ ಮೆಚ್ಚಿ ಒಪ್ಪಿದರು.

ಇಲ್ಲಿಯೇ ಮೊದಲನೆಯ ತಪ್ಪು. ನಮೂನೆಯನ್ನು ಬರೆಯುವವರು ನಿಜವಾದ ಬರಹವು ಕೈಗೆ ಬರುವ ಮುನ್ನ ಯಾವುದಾದರೊಂದು ಹುಸಿ ಬರಹದಿಂದ ಸ್ಥಳವನ್ನು ತುಂಬುವ ವಾಡಿಕೆಯಿದೆ. ಪಶ್ಚಿಮದವರು ಇದಕ್ಕಾಗಿ ಬಳಸುವ "ಲೋರೆಮ್ ಇಪ್ಸಮ್" ಎಂಬ ಅರ್ಥವಿಲ್ಲದ ಮಾತುಗಳು, ರೋಮಿನ ಕಿಕೆರೋ ಎಂಬ ಪಂಡಿತನು ಕ್ರಿಸ್ತಪೂರ್ವ 45ರಲ್ಲಿ ಬರೆದ ಲ್ಯಾಟಿನ್ ಗ್ರಂಥದ ಮುರಿದ ತುಂಡುಗಳು. ಹುಸಿ ಬರಹವು ಬಹಳ ವಿಧೇಯವಾದುದು. ಕೊಟ್ಟ ಸ್ಥಳದಲ್ಲಿ ಅಚ್ಚುಕಟ್ಟಾಗಿ ಕೂರುವುದು. ನಿಜವಾದ ಹೆಸರುಗಳು ಹಾಗಲ್ಲ. ಸಂಘದ ಪಟ್ಟಿಯು ಬಂದಾಗ ನೋಡಿದರೆ, ನಮ್ಮ ಸೀಮೆಯ ದಾಖಲೆಗಳ ಪದ್ಧತಿಯಂತೆ ಗಂಡನ ಹೆಸರನ್ನೂ ಕೂಡಿಸಿ, "ಲಕ್ಷ್ಮಮ್ಮ ಕೋಂ ಚಿಕ್ಕನಿಂಗೇಗೌಡ" ಎಂಬಂಥ ಹೆಸರುಗಳೇ ತುಂಬಿದ್ದುವು. "ಗೀತಾ" ಎಂಬುದಕ್ಕೆ ಅಳೆದು ಹೊಲಿದ ಅಂಗಿಯು ಇವರಿಗೆ ಹೇಗೆ ಸಾಲೀತು? ಹೆಸರು ಎರಡು ಸಾಲಾಗಿ ಮುರಿಯಿತು. ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿನ ಮೇಲೆ ಬಂದು ಕುಳಿತುವು. ಕನ್ನಡದ ಬರಹಕ್ಕೆ ಸಾಲಿನ ಕೆಳಗೂ ಸ್ಥಳ ಬೇಕು. ರೋಮನ್ ಲಿಪಿಯನ್ನಿಟ್ಟು ಬರೆದ ನಮೂನೆಗಳಲ್ಲಿ ಅದು ಇರುವುದು ಅಪರೂಪ.

"ಇಷ್ಟು ಅಕ್ಷರಗಳಾದ ಮೇಲೆ ಹೆಸರನ್ನು ಕತ್ತರಿಸೆಂದು ಯಂತ್ರಕ್ಕೆ ಹೇಳಿಬಿಡಲೆ?" ಎಂದು ಹುಡುಗಿಯು ಕೇಳಿದಳು. ಹಾಗೆ ಮಾಡಿದರೆ "ಕೋಂ" ಎಂಬುದರಿಂದ ಮುಂದಿನದು ಹೋಗಿ, ಪಟ್ಟಿಯಲ್ಲಿದ್ದ ಮೂವರು ಲಕ್ಷ್ಮಮ್ಮಂದಿರು ಒಬ್ಬರೇ ಆಗಿಬಿಡುವರು. ಇದಲ್ಲದೆ ಯಂತ್ರದ ಎಣಿಕೆಯೇ ಬೇರೆ. ನಮ್ಮ ಕಣ್ಣಿಗೆ "ಲಕ್ಷ್ಮಮ್ಮ" ಎಂಬುದು ಮೂರು ಅಕ್ಷರ. ಯಂತ್ರಕ್ಕೆ ಅರ್ಧಾಕ್ಷರದ ಗುರುತುಗಳೂ ಸೇರಿ ಒಂಬತ್ತು. ಎಂಟಕ್ಕೆ ಕತ್ತರಿಸಿದರೆ "ಲಕ್ಷ್ಮಮ್" ಎಂದಷ್ಟೇ ಉಳಿಯುವುದು. ಆದಕಾರಣ ಹೆಸರನ್ನು ಕತ್ತರಿಸದೆ ನಮೂನೆಯನ್ನೇ ತಿದ್ದುವುದು ಸರಿಯೆಂದು ತೀರ್ಮಾನಿಸಿದೆವು. ಅವಳು ಪಟ್ಟಿಯಲ್ಲಿ ಎಲ್ಲಕ್ಕಿಂತ ಉದ್ದವಾದ ಹೆಸರನ್ನು ಹುಡುಕಿ, ಅದು ಸುಖವಾಗಿ ಕೂರುವಂತೆ ಸ್ಥಳವನ್ನು ಅಗಲಿಸಿದಳು.

ಎರಡನೆಯ ತೊಡಕು ಲಿಪಿಯದು. ಯೂನಿಕೋಡ್ ಎಂಬ ಜಗತ್ತಿನ ಲಿಪಿಸಂಕೇತದಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರಕಿತು. ಆದರೂ ಹಳೆಯ ಪದ್ಧತಿಯ ಕಡತಗಳು ಇಂದಿಗೂ ಕೈಗೆ ಬರುತ್ತಿರುವುವು. ಅವುಗಳಲ್ಲಿ ಒಳಗಿರುವುದು ರೋಮನ್ ಅಕ್ಷರಗಳ ಸಂಕೇತ; ಮೇಲೆ ತೊಡಿಸಿರುವುದು ಕನ್ನಡದ ವೇಷ. ಬೇರೊಂದು ಅಕ್ಷರವಿನ್ಯಾಸಕ್ಕೆ ಸುರಿದ ಕೂಡಲೆ ವೇಷವು ಕಳಚಿ, ಯಾರಿಗೂ ಅರ್ಥವಾಗದ ಚಿಹ್ನೆಗಳು ಕಾಣಿಸುವುವು. ನಮ್ಮ ಪಟ್ಟಿಯಲ್ಲಿ ಅರ್ಧವು ಹೀಗೆಯೇ ಇತ್ತು. ಅದನ್ನು ಯೂನಿಕೋಡಿಗೆ ಪರಿವರ್ತಿಸಿ, ಪರಿವರ್ತನೆಯಲ್ಲಿ ಒತ್ತು, ಅರ್ಕಾವೊತ್ತುಗಳು ಕೆಟ್ಟಿಲ್ಲವೆಂದು ಒಂದೊಂದು ಹೆಸರನ್ನೂ ಓದಬೇಕಾಯಿತು. ಹಾಳೆಯನ್ನು ಉಳಿಸುವಾಗಲೂ ಸಾಮಾನ್ಯವಾದ ಸಿ.ಎಸ್.ವಿ. ರೂಪವನ್ನು ಆರಿಸಿದರೆ ಕನ್ನಡವೆಲ್ಲವೂ ಬರಿಯ ಪ್ರಶ್ನಾರ್ಥಕ ಚಿಹ್ನೆಗಳಾಗುವುದುಂಟು. ಯೂನಿಕೋಡ್ ಪಠ್ಯವೆಂದು ಹೇಳಿಯೇ ಉಳಿಸಬೇಕು. ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಂತರೆ, ಇನ್‌ಡಿಸೈನಿನಲ್ಲಿ ವರ್ಲ್ಡ್‌ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಮಾಡಿದೆಯೆ ಎಂದು ನೋಡತಕ್ಕದ್ದು.

ಮೂರನೆಯದು ಅಂಕಿಗಳದು. ಲೆಕ್ಕದ ಹಾಳೆಯು ಎಲ್ಲವನ್ನೂ ಲೆಕ್ಕವೆಂದೇ ಭಾವಿಸುವುದು. ಸೊನ್ನೆಯಿಂದ ಮೊದಲಾಗುವ ಖಾತೆಯ ಸಂಖ್ಯೆಯನ್ನು ಬರೆದರೆ, ಮೊದಲ ಸೊನ್ನೆಗೆ ಬೆಲೆಯಿಲ್ಲವೆಂದು ತೆಗೆದುಹಾಕುವುದು. ಎಕ್ಸೆಲ್ ಹಾಳೆಯಲ್ಲಿ 15 ಅಂಕಿಗಳನ್ನು ಮೀರಿದ ಸಂಖ್ಯೆಯ ಉಳಿದ ಅಂಕಿಗಳು ಸೊನ್ನೆಗಳಾಗುವುವು. ದೊಡ್ಡ ದೊಡ್ಡ ವಿದ್ವಾಂಸರೂ ಇದರಿಂದ ಪಾರಾಗಲಿಲ್ಲ. ಮಾರ್ಚ್, ಸೆಪ್ಟೆಂಬರ್ ತಿಂಗಳುಗಳನ್ನು ಹೋಲುವ ಕೆಲವು ಜೀನುಗಳ ಸಂಕ್ಷಿಪ್ತ ನಾಮಗಳನ್ನು ಎಕ್ಸೆಲ್ ಹಾಳೆಯು ತಾರೀಖುಗಳಾಗಿ ಮಾರ್ಪಡಿಸುತ್ತಿದ್ದುದರಿಂದ, 2020ರ ನಿಯಮಾವಳಿಯಲ್ಲಿ ಆ ಹೆಸರುಗಳನ್ನೇ ಬದಲಾಯಿಸಿದರು. ಖಾತೆ, ದೂರವಾಣಿ, ಪಿನ್‌ಕೋಡ್ ಇವು ಕೂಡಿ ಕಳೆಯುವ ಸಂಖ್ಯೆಗಳಲ್ಲ, ಹೆಸರುಗಳ ಜಾತಿಗೆ ಸೇರಿದವು. ಆದ್ದರಿಂದ ಆ ಕಂಬಸಾಲುಗಳನ್ನು ಮೊದಲೇ "ಪಠ್ಯ" ಎಂದು ಗೊತ್ತುಮಾಡಿ, ಆಮೇಲೆ ತುಂಬಬೇಕು.

ಇಷ್ಟನ್ನೆಲ್ಲ ದಾಟಿದೆವೆಂದು ನಾವು ಹಿಗ್ಗಿದ್ದೆವು. ಕೊನೆಗೆ ಹುಡುಗಿಯು, ಹಂಚಲು ಅನುಕೂಲವಾಗಲೆಂದು ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿದಳು. ಮುನ್ನೋಟದಲ್ಲಿ ಒಂದೊಂದು ಕಾರ್ಡನ್ನೂ ತಿರುವಿ ಹಾಕಿ ನೋಡಿದೆವು. ಹೆಸರಿನ ಸ್ಥಳದಲ್ಲಿ ಹೆಸರಿತ್ತು, ಸಂಖ್ಯೆಯ ಸ್ಥಳದಲ್ಲಿ ಸಂಖ್ಯೆಯಿತ್ತು. ಎಲ್ಲಿಯೂ ಕುಂದು ಕಾಣಲಿಲ್ಲ. ಮರುದಿನ ಮುಂಜಾನೆ, ಅಂದವನ್ನು ತೋರಿಸಿ ಬರೋಣವೆಂದು, ಕರಡು ಹಾಳೆಗಳನ್ನು ತೆಗೆದುಕೊಂಡು ಸಂಘಕ್ಕೆ ಹೋದೆವು.

ಹಾಲು ಅಳೆಯುವ ಹೊತ್ತು. ಕ್ಯಾನುಗಳನ್ನು ಹಿಡಿದು ಹೆಂಗಸರು ಸಾಲಾಗಿ ನಿಂತಿದ್ದರು. ಒಬ್ಬ ವೃದ್ಧೆಯು ಹತ್ತಿರ ಬಂದು, "ನಂದೂ ಐತಾ ಮಗ?" ಎಂದು ಕೇಳಿದಳು. ಹುಡುಗಿಯು ಹೆಸರನ್ನು ಕೇಳಿ, ಹುಡುಕಿ, "ಇಗೋ ಅಜ್ಜೀ, ಇದೇ ನಿಮ್ಮದು" ಎಂದು ತೋರಿಸಿದಳು. ಆಕೆಗೆ ಓದು ಬಾರದು. ಹೆಸರಿನ ಮೇಲೆ ಬೆರಳಾಡಿಸಿ, ಕೆಳಗಿನ ಅಂಕಿಯನ್ನು ಸ್ವಲ್ಪ ಹೊತ್ತು ನೋಡಿ, "ಇದು ನಂದಲ್ಲ ಕಣವ್ವ. ನಂದು ನಲವತ್ತೇಳು. ಹಾಲು ಹಾಕಕ್ಕೆ ಶುರು ಮಾಡ್ದಾಗ್ನಿಂದ ನಲವತ್ತೇಳೇ" ಎಂದಳು.

ಹುಡುಗಿಯ ಮುಖವು ಬಾಡಿತು. ಹಾಳೆಯನ್ನು ತೆರೆದು ನೋಡಿದಾಗ ಸಂಗತಿಯು ತಿಳಿಯಿತು. ಅಕಾರಾದಿಯಾಗಿ ಜೋಡಿಸುವಾಗ ಅವಳು ಹೆಸರಿನ ಕಂಬಸಾಲೊಂದನ್ನೇ ಆರಿಸಿದ್ದಳು. ಹೆಸರುಗಳು ಸ್ಥಳವನ್ನು ಬದಲಿಸಿದುವು. ಸಂಖ್ಯೆಗಳೂ ಖಾತೆಗಳೂ ಇದ್ದಲ್ಲಿಯೇ ನಿಂತುವು. ಕಾರ್ಡುಗಳಲ್ಲೆಲ್ಲ ಒಬ್ಬಳ ಹೆಸರು, ಇನ್ನೊಬ್ಬಳ ಸಂಖ್ಯೆ! ಸಂಘದಲ್ಲಿ ಹಾಲಿನ ಅಳತೆ, ಕೊಬ್ಬಿನಂಶ, ದರ, ಮೊಬಲಗು ಎಲ್ಲವೂ ಬರೆದುಕೊಳ್ಳುವುದು ಸಂಖ್ಯೆಯ ಮೇಲೆಯೇ. ಆ ಕಾರ್ಡನ್ನು ನಂಬಿ ನಡೆದಿದ್ದರೆ, ಕತ್ತಲಲ್ಲೆದ್ದು ಹುಲ್ಲು ಹಾಕಿ ಕರೆದು ತಂದ ಹಾಲಿನ ಹಣವು ಬಟವಾಡೆಯ ದಿನ ಇನ್ನೊಬ್ಬರ ಖಾತೆಗೆ ಹೋಗುತ್ತಿತ್ತು. ನೆರೆಹೊರೆಯ ಹೆಂಗಸರಲ್ಲಿ ಮನಸ್ತಾಪವೂ ಹುಟ್ಟುತ್ತಿತ್ತು. ಓದಬಲ್ಲ ನಾವಿಬ್ಬರೂ ಕುಳಿತು ನೋಡಿ ಕಾಣದ ತಪ್ಪನ್ನು, ಓದಲಾರದ ಆಕೆಯು ಒಂದು ಕ್ಷಣದಲ್ಲಿ ಕಂಡಳು. ಹೇಗೆಂದರೆ, ನಾವು ನೋಡಿದ್ದು ಕಾರ್ಡನ್ನು. ಆಕೆ ನೋಡಿದ್ದು ತನ್ನದನ್ನು.

ಮನೆಗೆ ಬಂದು, ಮೂಲದ ಪಟ್ಟಿಯನ್ನೇ ಮತ್ತೆ ತೆಗೆದು, ಕೆಲಸವನ್ನು ಮೊದಲಿನಿಂದ ಮಾಡಿದೆವು. ಅದೃಷ್ಟವಶಾತ್ ಹುಡುಗಿಯು ಮೂಲಪ್ರತಿಯನ್ನು ಮುಟ್ಟದೆ ಬೇರೆ ಇಟ್ಟಿದ್ದಳು. ಈ ಸಲ ಕರಡನ್ನು ಸಂಘದ ಗೋಡೆಗೆ ಎರಡು ದಿನ ಅಂಟಿಸಿ, ಬಂದವರೆಲ್ಲ ತಮ್ಮ ತಮ್ಮದನ್ನು ನೋಡಿ ಒಪ್ಪಿದ ಮೇಲೆಯೇ ಅಚ್ಚಿಗೆ ಕೊಟ್ಟೆವು. ಇನ್ನೂ ಇಬ್ಬರ ಗಂಡಂದಿರ ಹೆಸರಿನಲ್ಲಿ ತಪ್ಪು ಸಿಕ್ಕಿತು.

ವಾಚಕರೇ, ಲಗ್ನದ ಆಹ್ವಾನವನ್ನಾಗಲಿ, ಶಾಲೆಯ ಪ್ರಶಸ್ತಿಪತ್ರವನ್ನಾಗಲಿ, ಸಂಘದ ಕಾರ್ಡನ್ನಾಗಲಿ ತಮ್ಮ ಮನೆಯ ಮಕ್ಕಳು ಹೀಗೆ ಮಾಡಹೊರಟಾಗ ಕೆಲವು ಮಾತುಗಳನ್ನು ಹೇಳಿಕೊಡಿರಿ. ನಮೂನೆಯನ್ನು ಒಪ್ಪುವ ಮುನ್ನ ಪಟ್ಟಿಯ ಅತಿ ಉದ್ದವಾದ ಹೆಸರನ್ನೂ, ಒತ್ತಕ್ಷರಗಳು ಹೆಚ್ಚಾಗಿರುವ ಹೆಸರನ್ನೂ, ವಿವರವೊಂದು ಬರಿದಾಗಿರುವ ಸಾಲನ್ನೂ ಅದರಲ್ಲಿ ತುಂಬಿ ನೋಡಬೇಕು. ಮೂಲಪಟ್ಟಿಯನ್ನು ಕಾದಿಟ್ಟು, ನಕಲಿನ ಮೇಲೆಯೇ ಕೆಲಸ ಮಾಡಬೇಕು. ಜೋಡಿಸುವಾಗ ಇಡಿಯ ಹಾಳೆಯನ್ನು ಜೋಡಿಸಬೇಕಲ್ಲದೆ ಒಂದು ಕಂಬಸಾಲನ್ನಲ್ಲ. ತುಂಬಿಯಾದ ಮೇಲೆ ಮೊದಲಿನದು, ನಡುವಿನದು, ಕೊನೆಯದು ಇವುಗಳನ್ನಾದರೂ ಮೂಲದೊಡನೆ ಹೋಲಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಯಾರ ಹೆಸರೋ ಅವರ ಕಣ್ಣಿಗೆ ಒಮ್ಮೆ ಬೀಳದೆ ಅಚ್ಚಿಗೆ ಹೋಗಕೂಡದು. ಯಂತ್ರವು ಸ್ಥಳವನ್ನು ತುಂಬಬಲ್ಲುದು. ತುಂಬಿದ್ದು ಸರಿಯೇ ಎಂದು ಹೇಳಬಲ್ಲವರು ಆ ಹೆಸರಿನವರೇ.

ಕಾರ್ಡುಗಳನ್ನು ಹಂಚಿದ ದಿನ ನಾನೂ ಹೋಗಿದ್ದೆನು. ಆ ವೃದ್ಧೆಯು ತನ್ನದನ್ನು ತೆಗೆದುಕೊಂಡು, ಅಂಕಿಯನ್ನು ಮತ್ತೊಮ್ಮೆ ನೋಡಿ, ಏನನ್ನೂ ಹೇಳದೆ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು, ಕ್ಯಾನನ್ನೆತ್ತಿಕೊಂಡು ಹೊರಟಳು.