ಟರ್ಬೋ ಲೇಸೋ, ಸೂಪರ್‌ಚಾರ್ಜರ್ ಲೇಸೋ?

ವರ್ಷಾಂತ್ಯದ ಲೆಕ್ಕಪತ್ರಗಳಲ್ಲಿ ‘ವಾಹನ ದುರಸ್ತಿ’ ಶೀರ್ಷಿಕೆಯಡಿ ನಾನು ಆಗಾಗ್ಗೆ ಕಾಣುವ ದೊಡ್ಡ ಬಾಬ್ತು ಟರ್ಬೋಚಾರ್ಜರ್ ಬದಲಾವಣೆಯದು. ಅಂತಹ ಬಿಲ್ಲೊಂದನ್ನು ತಂದ ವರ್ತಕ ಮಿತ್ರರೊಬ್ಬರು, ‘ಸೂಪರ್‌ಚಾರ್ಜರ್ ಇರುವ ಕಾರು ಕೊಂಡಿದ್ದರೆ ಈ ಖರ್ಚು ತಪ್ಪುತ್ತಿತ್ತಲ್ಲವೇ ಸಾರ್?’ ಎಂದು ಕೇಳಿದರು. ವಾಹನವನ್ನೇ ನೆಚ್ಚಿಕೊಂಡ ನಾವೆಲ್ಲರೂ ವಿಚಾರ ಮಾಡಬೇಕಾದ ಪ್ರಶ್ನೆಯಿದು.

ಎರಡರ ಉದ್ದೇಶವೂ ಒಂದೇ: ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬಿ ಅದರ ಶಕ್ತಿಯನ್ನು ಹೆಚ್ಚಿಸುವುದು. ಸೂಪರ್‌ಚಾರ್ಜರನ್ನು ಸಾಮಾನ್ಯವಾಗಿ ಎಂಜಿನ್ನೇ ಬೆಲ್ಟಿನ ಮೂಲಕ ತಿರುಗಿಸುತ್ತದೆ. ಟರ್ಬೋವನ್ನು ತಿರುಗಿಸುವುದು ಹೊರಹೋಗುವ ಬಿಸಿ ಹೊಗೆ. ಅದರ ವೇಗ ನಿಮಿಷಕ್ಕೆ 1 ಲಕ್ಷ ಸುತ್ತುಗಳನ್ನೂ ಮೀರುತ್ತದೆ. ಆ ತಾಪ, ಆ ವೇಗದಲ್ಲಿ ಬೇರಿಂಗುಗಳನ್ನು ಕಾಪಾಡುವುದು ಎಂಜಿನ್ ಆಯಿಲ್. ಆದ್ದರಿಂದ ರಚನೆಯ ದೃಷ್ಟಿಯಿಂದ ಸೂಪರ್‌ಚಾರ್ಜರಿನ ಬಾಳು ಹೆಚ್ಚು ನಿರಾತಂಕವಾದುದೆಂಬ ವಾದದಲ್ಲಿ ಹುರುಳಿದೆ.

ಆದರೆ ದಿನಬಳಕೆಯ ಲೆಕ್ಕವೇ ಬೇರೆ. ಸೂಪರ್‌ಚಾರ್ಜರ್ ಎಂಜಿನ್ನಿನ ಶಕ್ತಿಯನ್ನೇ ತಿನ್ನುತ್ತದೆ. ಟರ್ಬೋ ವ್ಯರ್ಥವಾಗುವ ಹೊಗೆಯಿಂದ ಲಾಭ ಪಡೆಯುತ್ತದೆ. ಫೋಕ್ಸ್‌ವ್ಯಾಗನ್ ಸಂಸ್ಥೆ 2005ರಲ್ಲಿ 1.4 ಲೀಟರ್ ಎಂಜಿನ್ನಿಗೆ ಎರಡನ್ನೂ ಜೋಡಿಸಿತ್ತು. ಮುಂದೆ ಟರ್ಬೋ ಒಂದನ್ನೇ ಉಳಿಸಿಕೊಂಡಿತು. ನಮ್ಮಲ್ಲಿ ಸೂಪರ್‌ಚಾರ್ಜರ್ ಕಂಡದ್ದು ರೇಂಜ್ ರೋವರಿನಂತಹ ದುಬಾರಿ ಕಾರುಗಳಲ್ಲಿ. ಲಾರಿಯಿಂದ ಸಣ್ಣ ಕಾರಿನವರೆಗೆ ಹಬ್ಬಿರುವುದು ಟರ್ಬೋ. ಬಿಡಿಭಾಗವೂ ಕೈಪಳಗಿದ ಮೆಕ್ಯಾನಿಕ್ಕನೂ ಸಮೀಪದಲ್ಲಿ ದೊರೆಯದ ಯಂತ್ರವನ್ನು ವ್ಯಾಪಾರಿಯು ನಂಬಲರ್ಹವೆಂದು ಹೇಗೆ ಎಣಿಸಲಾದೀತು?

ಮಿತ್ರರ ಕಡತವನ್ನು ತಿರುವಿ ನೋಡಿದಾಗ ಟರ್ಬೋ ಬಿಲ್ಲಿಗೆ ಮುಂಚಿನ 2 ವರ್ಷಗಳಲ್ಲಿ ಆಯಿಲ್ ಬದಲಾವಣೆಯ ಒಂದು ರಸೀದಿಯೂ ಇರಲಿಲ್ಲ! ಕೆಲವು ಸಾವಿರ ಉಳಿಸಲು ಹೋಗಿ ಹಲವು ಪಟ್ಟು ತೆತ್ತಂತಾಯಿತು. ಸರಕು ವಾಹನದ ದುರಸ್ತಿಯಾಗಿದ್ದರೆ ತೆತ್ತ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಪಡೆಯಬಹುದಿತ್ತು. ಸಾಮಾನ್ಯ ವರ್ತಕನ ಸ್ವಂತ ಕಾರಿಗೆ ಸಿಜಿಎಸ್‌ಟಿ ಕಾಯ್ದೆಯ 17(5)ನೇ ಕಲಮಿನನ್ವಯ ಅದೂ ಇಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ: ಟರ್ಬೋ ವಾಹನವನ್ನೇ ಕೊಳ್ಳಿರಿ, ತಯಾರಕರು ಸೂಚಿಸಿದ ದರ್ಜೆಯ ಆಯಿಲನ್ನು ಅವಧಿಗೆ ಸರಿಯಾಗಿ ಬದಲಾಯಿಸಿರಿ. ಘಾಟಿಯೇರಿದೊಡನೆ ಚಹಾದಂಗಡಿಯ ಮುಂದೆ ತಟ್ಟನೆ ಎಂಜಿನ್ ಆರಿಸದೆ, 1-2 ನಿಮಿಷ ನಿಧಾನಗತಿಯಲ್ಲಿ ಓಡಲು ಬಿಡುವಂತೆ ಚಾಲಕನಿಗೂ ತಿಳಿಹೇಳಿರಿ. ಖಾತೆ ಪುಸ್ತಕದಂತೆ ಟರ್ಬೋವೂ ಕಾಲಕಾಲಕ್ಕೆ ಗಮನ ಬೇಡುತ್ತದೆ. ಅಲಕ್ಷಿಸಿದರೆ ಎರಡೂ ದಂಡ ವಿಧಿಸದೆ ಬಿಡವು.