ಬ್ರಿಟನ್ನಿನ ಸಾಕ್ಷಿ ಯಾರ ಪರ?

ಪ್ಯಾಸೆಂಜರ್ ಗಾಡಿಗಳನ್ನು ಖಾಸಗಿಯವರಿಗೆ ಒಪ್ಪಿಸಿದರೆ ವಿಕಾರಾಬಾದ್–ಜಹೀರಾಬಾದ್–ಬೀದರ್ ಮಾರ್ಗದ ಕಷ್ಟ ತೀರುತ್ತದೆ ಎನ್ನುವವರು ಪದೇ ಪದೇ ಬ್ರಿಟನ್ನಿನ ಹೆಸರೆತ್ತುತ್ತಾರೆ. ಹಾಗಿದ್ದರೆ ಆ ಸಾಕ್ಷಿಯನ್ನೇ ಪೂರ್ತಿ ಕೇಳೋಣ. ತೀರ್ಪು ಓದುಗರದು.

ಅವರ ಮೊದಲ ಮಾತು: ಖಾಸಗೀಕರಣದ ನಂತರ ಅಲ್ಲಿ ಪ್ರಯಾಣಿಕರ ಸಂಖ್ಯೆ ಇಮ್ಮಡಿಯಾಯಿತು. ಆದದ್ದು ನಿಜ. ಆದರೆ ಅದು ಕಂಪನಿಗಳ ಸಾಮರ್ಥ್ಯದಿಂದಲೇ ಆಯಿತೆನ್ನಲು ಆಧಾರವೇನು? ಲಂಡನ್ನಿನಿಂದ ಎಡಿನ್‌ಬರೋಗೆ ಹೋಗುವ ಈಸ್ಟ್ ಕೋಸ್ಟ್ ಮಾರ್ಗ ನೋಡಿ. 2007ರಲ್ಲಿ ಒಂದು ಕಂಪನಿ ಗುತ್ತಿಗೆ ಬಿಟ್ಟಿತು, 2009ರಲ್ಲಿ ಎರಡನೆಯದು, 2018ರಲ್ಲಿ ಮೂರನೆಯದು. ನಡುವೆ 2009ರಿಂದ 2015ರ ತನಕ ಸರ್ಕಾರಿ ಸಂಸ್ಥೆಯೇ ಗಾಡಿ ಓಡಿಸಿ ಖಜಾನೆಗೆ ಹಣ ಕಟ್ಟಿತು. ಅದೇ ಹಳಿ, ಅವೇ ಊರುಗಳು. ಸೋತವರು ಯಾರು, ನಡೆಸಿ ತೋರಿಸಿದವರು ಯಾರು? ಈಗ 2024ರ ಕಾಯ್ದೆಯಂತೆ ಅಲ್ಲಿ ಒಂದೊಂದೇ ಕಂಪನಿಯ ಗಾಡಿಗಳು ಸರ್ಕಾರದ ಕೈಗೆ ಬರುತ್ತಿವೆ. 2025ರ ಮೇ ತಿಂಗಳಲ್ಲಿ ಸೌತ್ ವೆಸ್ಟರ್ನ್ ರೈಲ್ವೆ ಕಂಪನಿಯದು ಬಂತು. ಬ್ರಿಟನ್ ಬಿಟ್ಟ ದಾರಿಯನ್ನು ನಮಗೆ ತೋರಿಸುವವರು ಈ ಅರ್ಧ ಕಥೆಯನ್ನು ಹೇಳುವುದಿಲ್ಲ.

ಎರಡನೆಯದು ನೌಕರರ ಮೇಲಿನ ಆರೋಪ: ರೈಲ್ವೆಯಲ್ಲಿ ಜನ ಹೆಚ್ಚು, ಖಾಸಗಿಯವರು ಕಡಿಮೆ ಜನರಿಂದ ಹೆಚ್ಚು ಕೆಲಸ ತೆಗೆಯುತ್ತಾರೆ. ಬ್ರಿಟನ್ನಿನ ಸೌತ್ ವೆಸ್ಟ್ ಟ್ರೇನ್ಸ್ ಕಂಪನಿ ಇದನ್ನೇ ನಂಬಿ ಚಾಲಕರನ್ನು ಮನೆಗೆ ಕಳಿಸಿತು. 1997ರಲ್ಲಿ ಓಡಿಸುವವರಿಲ್ಲದೆ ಗಾಡಿಗಳನ್ನೇ ರದ್ದು ಮಾಡಬೇಕಾಯಿತು. ಹಳಿಯ ಮಾಲೀಕತ್ವ ಪಡೆದ ರೈಲ್‌ಟ್ರ್ಯಾಕ್ ಇನ್ನೂ ಮುಂದೆ ಹೋಗಿ ದುರಸ್ತಿಯನ್ನೆಲ್ಲ ಗುತ್ತಿಗೆದಾರರಿಗೆ ಬಿಟ್ಟಿತ್ತು. 2000ದ ಅಕ್ಟೋಬರ್ 17ರಂದು ಹ್ಯಾಟ್‌ಫೀಲ್ಡ್ ಬಳಿ ಬಿರುಕು ಬಿಟ್ಟ ಹಳಿ ಚೂರಾಗಿ ನಾಲ್ವರು ಸತ್ತರು. ಬಿರುಕು ಇರುವುದು ಮೊದಲೇ ಗೊತ್ತಿತ್ತು, ಹಳಿ ಬದಲಾಗಿರಲಿಲ್ಲ. ಮರುವರ್ಷ ಕಂಪನಿ ದಿವಾಳಿಯ ಅಂಚಿಗೆ ಬಂತು. ಅದರ ಜಾಗಕ್ಕೆ ಬಂದ ನೆಟ್‌ವರ್ಕ್ ರೈಲ್ ದುರಸ್ತಿಯ ಕೆಲಸಗಾರರನ್ನು ತನ್ನ ನೇರ ನೌಕರಿಗೆ ತೆಗೆದುಕೊಂಡಿತು. ನಮ್ಮಲ್ಲಿ ಬಿಸಿಲಲ್ಲಿ ಹಳಿ ನೋಡುತ್ತ ನಡೆಯುವ ಕೀಮನ್, ರಾತ್ರಿಯೆಲ್ಲ ಎಚ್ಚರವಿರುವ ಗೇಟ್‌ಮನ್, ಪಾಯಿಂಟ್ಸ್‌ಮನ್ ಇವರೆಲ್ಲ ‘ಹೆಚ್ಚಿನ ಜನ’ ಎನ್ನುವವರು ಯಾರನ್ನು ತೆಗೆಯುತ್ತೇವೆಂದು ಹುದ್ದೆಯ ಹೆಸರು ಹಿಡಿದು ಹೇಳಲಿ. ಈ ಪ್ರಶ್ನೆಗೆ ನನಗೆ ಇದುವರೆಗೆ ಉತ್ತರ ಸಿಕ್ಕಿಲ್ಲ.

ಇಲ್ಲೇ ಅವರ ವಾದ ತನ್ನನ್ನೇ ಕಡಿದುಕೊಳ್ಳುತ್ತದೆ. 2020ರ ಜುಲೈನಲ್ಲಿ ನಮ್ಮ ರೈಲ್ವೆ 151 ಖಾಸಗಿ ಗಾಡಿಗಳಿಗೆ ಕರೆ ಕೊಟ್ಟಾಗ ಚಾಲಕ ಮತ್ತು ಗಾರ್ಡ್ ರೈಲ್ವೆಯವರೇ ಎಂದಿತ್ತು. ಹಳಿಯೂ ಸಿಗ್ನಲ್ಲೂ ರೈಲ್ವೆಯವೇ. ಸರ್ಕಾರಿ ನೌಕರ ದಕ್ಷನಲ್ಲದಿದ್ದರೆ ಖಾಸಗಿ ಗಾಡಿಗೆ ಅವನೇ ಏಕೆ ಬೇಕು?

‘ಕೋವಿಡ್ ಬಂದು ಯೋಜನೆ ಕೆಟ್ಟಿತು’ ಎಂಬುದು ಜಾರಿಕೊಳ್ಳುವ ಮಾತು. ಗುತ್ತಿಗೆಯ ಅವಧಿ 35 ವರ್ಷ. ಒಂದೆರಡು ವರ್ಷದ ರೋಗಕ್ಕೆ ಹೆದರುವ ಲೆಕ್ಕ ಅದಲ್ಲ. ಮಾರ್ಗಗಳ 12 ಗುಂಪುಗಳಿದ್ದರೂ (ಕ್ಲಸ್ಟರ್) 2021ರ ಜುಲೈನಲ್ಲಿ ಬಿಡ್ ಹಾಕಿದವರು ಇಬ್ಬರೇ, ಅವರಲ್ಲಿ ಒಬ್ಬರು ರೈಲ್ವೆಯದೇ ಐಆರ್‌ಸಿಟಿಸಿ. ಬಿಡ್ ಬಂದದ್ದು ದೆಹಲಿ, ಮುಂಬೈ ಕ್ಲಸ್ಟರ್‌ಗಳಿಗೆ. ನಮ್ಮ ಸಿಕಂದರಾಬಾದ್ ಕ್ಲಸ್ಟರ್ ಯಾರಿಗೂ ಬೇಡವಾಯಿತು.

ಕೊನೆಯ ವಾದದಲ್ಲಿ ಸ್ವಲ್ಪ ಹುರುಳಿದೆ: ರೈಲ್ವೆ ತಾನೇ ಬಡವರನ್ನು ಮರೆತಿದೆ, ಕೋವಿಡ್ ನಂತರ ಪ್ಯಾಸೆಂಜರ್ ಗಾಡಿಯ ಕನಿಷ್ಠ ದರವನ್ನು 10 ರೂಪಾಯಿಯಿಂದ 30ಕ್ಕೆ ಏರಿಸಿತ್ತು. ಹೌದು, ಏರಿಸಿತ್ತು, ಅದು ಅನ್ಯಾಯವೇ. ಆದರೆ ಜನ ದೂರಿದರು, ಸಂಸದರು ಕೇಳಿದರು, 2024ರ ಫೆಬ್ರವರಿಯಲ್ಲಿ ಹಳೆಯ ದರ ಮರಳಿತು. ಖಾಸಗಿ ಗಾಡಿಗಳ 2020ರ ಷರತ್ತಿನಲ್ಲಾದರೋ ದರ ನಿರ್ಧಾರ ಪೂರ್ತಿ ಕಂಪನಿಯದು, ಗಾಡಿಗೆ ಕನಿಷ್ಠ 16 ಬೋಗಿ. ಅಂಥ ಗಾಡಿ ನಮ್ಮ ಮಾರ್ಗದ ಮೆಟಲ್‌ಕುಂಟ ನಿಲ್ದಾಣದಲ್ಲಿ ನಿಲ್ಲಬೇಕು, ಕೂಲಿಯವರಿಗೆ ಎಟುಕುವ ದರಕ್ಕೆ ಟಿಕೆಟ್ ಸಿಗಬೇಕು ಎಂದು ಅಲ್ಲಿನ ನ್ಯಾಲ್ಕಲ್‌ನವರು ಯಾವ ಕಂಪನಿಯ ಬಾಗಿಲಲ್ಲಿ, ಯಾವ ಹಕ್ಕಿನಿಂದ ಕೇಳಬೇಕು?