ಇನ್ನೊಂದು ಚಿಟಿಕೆ ಮದ್ದು

ನಮ್ಮ ಮಲೆನಾಡಿನಲ್ಲಿ ಶಿಕಾರಿಗೆ ಕಾನೂನು ಬಾಗಿಲು ಹಾಕಿ ಐವತ್ತು ವರ್ಷ ದಾಟಿದರೂ ಶಿಕಾರಿ ಕತೆಗಳಿಗೆ ಯಾರೂ ಬಾಗಿಲು ಹಾಕಿಲ್ಲ. ೧೯೭೨ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಕೋವಿಗಳು ಬೆಳೆ ರಕ್ಷಣೆಯ ಲೈಸೆನ್ಸಿನ ಹೆಸರಿನಲ್ಲಿ ಗೋಡೆಯ ಮೊಳೆಗೆ ತೂಗಿಕೊಂಡವು. ಚುನಾವಣೆ ಬಂದಾಗ ಠಾಣೆಗೆ ಹೋಗಿ ಠೇವಣಿಯಾಗುತ್ತವೆ, ಮುಗಿದ ಮೇಲೆ ಮನೆಗೆ ಬರುತ್ತವೆ. ಕಾನೂನಿನ ಪ್ರಕಾರ ಅವುಗಳ ಓಡಾಟ ಹೆಚ್ಚುಕಡಿಮೆ ಇಷ್ಟೇ. ಆದರೆ ಮಳೆ ಹಿಡಿದ ಸಂಜೆ ಜಗಲಿಯಲ್ಲಿ ನಾಲ್ಕು ಜನ ಕೂತು ಕವಳ ಹಾಕಿದರೆ ಸಾಕು, ಹಂದಿ ಮತ್ತೆ ಏಳುತ್ತದೆ, ಕಡವೆ ಮತ್ತೆ ಬೀಳುತ್ತದೆ. ಕತೆಗಳ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಅವುಗಳಲ್ಲಿ ತಪ್ಪದೆ ಬರುವ ಒಂದು ಮಾತಿನ ಬಗ್ಗೆ. ಹೋದ ವರ್ಷ ಊರಿಗೆ ಹೋದಾಗ ನನ್ನ ದೊಡ್ಡಪ್ಪನ ಮಗ ಅದನ್ನು ಇಪ್ಪತ್ತನೇ ಸಲ ಹೇಳಿದ.

"ನಮ್ಮಜ್ಜಯ್ಯ ಎಲ್ಲರಿಗಿಂತ ಇನ್ನೊಂದು ಚಿಟಿಕೆ ಮದ್ದು ಜಾಸ್ತಿ ಹಾಕ್ತಿದ್ರು ಮಾರಾಯ. ಅದಕ್ಕೇ ಅವರ ಈಡು ತಿಂದದ್ದು ಮತ್ತೆ ಏಳ್ತಿರಲಿಲ್ಲ."

ಕೂತವರೆಲ್ಲ ತಲೆದೂಗಿದರು. ಅಜ್ಜಯ್ಯನ ಬಲಗೆನ್ನೆಯ ಮೇಲೆ ನೀಲಿ ಚುಕ್ಕೆಗಳಿದ್ದವು. ಚಿಕ್ಕವರಿದ್ದಾಗ ನಾವು ಅದನ್ನು ಹಚ್ಚೆ ಎಂದುಕೊಂಡಿದ್ದೆವು. ಕೇಪಿನ ಕೋವಿಯ ಕಿವಿಯಿಂದ ಸಿಡಿದ ಮದ್ದು ಚರ್ಮದೊಳಗೆ ಸೇರಿ ಉಳಿದ ಗುರುತು ಅದು ಎಂದು ಗೊತ್ತಾದದ್ದು ಆಮೇಲೆ. ಕತೆಯಲ್ಲಿ ಆ ಚುಕ್ಕೆಗಳು ಬರುವುದೇ ಇಲ್ಲ.

ಆ ಒಂದು ಚಿಟಿಕೆಯ ವಿರುದ್ಧವೇ ನಾನು ಇದನ್ನು ಬರೆಯುತ್ತಿರುವುದು. ಬರೆಯಲು ನನಗೇನು ಹಕ್ಕು ಎಂದು ಕೇಳಬಹುದು. ಹೊಟ್ಟೆಪಾಡಿಗೆ ಹನ್ನೊಂದು ವರ್ಷ ದಕ್ಷಿಣ ಆಫ್ರಿಕದ ಉತ್ತರ ಭಾಗದಲ್ಲಿ, ಲಿಂಪೊಪೊ ಪ್ರಾಂತ್ಯದ ಗಣಿಯೊಂದರಲ್ಲಿ ವಿದ್ಯುತ್ ಕೆಲಸ ನೋಡಿಕೊಂಡಿದ್ದವನು ನಾನು. ಅಲ್ಲಿ ಬೇಟೆ ಕಾನೂನುಬದ್ಧ. ಸಾಕಿದ ದನದಂತೆ ಕಾಡುಪ್ರಾಣಿಗಳನ್ನೂ ಬೇಲಿಯೊಳಗೆ ಬೆಳೆಸುವ ದೊಡ್ಡ ದೊಡ್ಡ ಜಮೀನುಗಳಿವೆ. ಕಾಯಂ ವಾಸದ ಪತ್ರ ಸಿಕ್ಕ ಮೇಲೆ ಪರೀಕ್ಷೆ ಬರೆದು, ಪೊಲೀಸರ ತಪಾಸಣೆ ಮುಗಿಸಿ, ಹಳೆಯ ರೈಫಲ್ಲೊಂದಕ್ಕೆ ಲೈಸೆನ್ಸು ಪಡೆದೆ. ನೆರೆಯ ಜಮೀನಿನ ಮುದುಕರೊಬ್ಬರು ಅದಕ್ಕೆ ಮನೆಯಲ್ಲೇ ತೋಟಾ ಕಟ್ಟುವುದನ್ನು ಕಲಿಸಿದರು. ಅಲ್ಲಿಯ ಬೋಯರರು ಹಿರಿಯರನ್ನು ಓಮ್ ಎಂದು ಕರೆಯುತ್ತಾರೆ, ನಾವು ಗುರುತಿದ್ದವರನ್ನೆಲ್ಲ ಮಾವ ಎನ್ನುವ ಹಾಗೆ. ನಾನೂ ಓಮ್ ಎಂದೇ ಕರೆದೆ. ನೀನು ಪ್ರಾಣಿ ಕೊಂದು ಈಗ ಉಪದೇಶಕ್ಕೆ ನಿಂತೆಯಾ ಎನ್ನುವವರಿಗೆ ನನ್ನ ಉತ್ತರ ಸರಳ: ಕೊಂದದ್ದು ಹೌದು, ಕೆಟ್ಟದಾಗಿ ಕೊಂದದ್ದೂ ಹೌದು.

ನನ್ನ ರೈಫಲ್ಲು ೯.೩ ಗುಣಿಸು ೬೨. ಗುಂಡಿನ ದಪ್ಪ ೯.೩ ಮಿಲಿಮೀಟರು, ಹಿತ್ತಾಳೆ ಕೊಳವೆಯ ಉದ್ದ ೬೨. ಬರ್ಲಿನ್ನಿನ ಓಟೋ ಬಾಕ್ ಎಂಬ ಕೋವಿ ತಯಾರಕ ೧೯೦೫ರ ಸುಮಾರಿಗೆ ಮಾಡಿದ್ದು. ಆಫ್ರಿಕದಲ್ಲಿ ಜಮೀನು ಮಾಡಿದ ಜರ್ಮನರಿಗೆ ಆನೆ ಹೊಡೆಯುವ ಇಂಗ್ಲಿಷ್ ಜೋಡುನಳಿಗೆ ಕೊಳ್ಳುವಷ್ಟು ದುಡ್ಡಿರಲಿಲ್ಲ. ಮಾಮೂಲಿ ಮೌಸರ್ ರೈಫಲ್ಲಿನೊಳಗೇ ಕೂರುವ, ದೊಡ್ಡ ಪ್ರಾಣಿಗೂ ಸಾಕಾಗುವ ತೋಟಾ ಅವರಿಗೆ ಬೇಕಿತ್ತು. ಬಡ ರೈತನ ರೈಫಲ್ಲು ಅನ್ನಿ. ಲಂಡನ್ನಿನವರು ೧೯೧೨ರಲ್ಲಿ ತಂದ ೩೭೫ ಹಾಲೆಂಡ್ ಇದರ ಶ್ರೀಮಂತ ದಾಯಾದಿ. ಎರಡನ್ನೂ ಮಧ್ಯಮ ನಳಿಗೆ ಎನ್ನುತ್ತಾರೆ. ಜಿಂಕೆಗೆ ಹೆಚ್ಚು, ಆನೆಗೆ ಕಡಿಮೆ ಎಂಬಂತಿದ್ದರೂ ತಾಳ್ಮೆಯಿದ್ದವನ ಕೈಯಲ್ಲಿ ಎಲ್ಲಕ್ಕೂ ಸಾಕು. ಇದರ ಮಾಮೂಲಿ ಗುಂಡು ೨೮೬ ಗ್ರೇನು, ಅಂದರೆ ಒಂದೂವರೆ ತೊಲಕ್ಕಿಂತ ಸ್ವಲ್ಪ ಹೆಚ್ಚು. ವೇಗ ಸೆಕೆಂಡಿಗೆ ಸುಮಾರು ೭೨೦ ಮೀಟರು. ಇವತ್ತಿನ ರೈಫಲ್ಲುಗಳ ಮುಂದೆ ಇದು ಎತ್ತಿನ ಗಾಡಿ.

ಓಮ್ ಅವರ ಮೇಜಿನ ಮೇಲೆ ಒಂದು ತಕ್ಕಡಿ ಇತ್ತು, ಅಕ್ಕಸಾಲಿಗರ ತಕ್ಕಡಿಗಿಂತ ಸೂಕ್ಷ್ಮ. ಮದ್ದಿನ ತೂಕವೂ ಗ್ರೇನಿನಲ್ಲೇ. ನಮ್ಮ ಹಳೆಯ ಲೆಕ್ಕದಲ್ಲಿ ಒಂದು ಗುಲಗಂಜಿ ಎಂದರೆ ಹೆಚ್ಚುಕಡಿಮೆ ಎರಡು ಗ್ರೇನು. ಆ ತಕ್ಕಡಿ ಗ್ರೇನಿನ ಹತ್ತರಲ್ಲಿ ಒಂದು ಪಾಲನ್ನೂ ತೋರಿಸುತ್ತಿತ್ತು. ಸುಟ್ಟ ಕೊಳವೆಯನ್ನು ತೊಳೆದು, ಅಚ್ಚಿನಲ್ಲಿ ಒತ್ತಿ ಮೊದಲ ಅಳತೆಗೆ ತಂದು, ಬಾಯಿ ಉದ್ದವಾಗಿದ್ದರೆ ಕತ್ತರಿಸಿ, ಹೊಸ ಕೇಪು ಕೂರಿಸಿ, ಮದ್ದು ತೂಗಿ ಸುರಿದು, ಕೊನೆಗೆ ಗುಂಡು ಒತ್ತಬೇಕು. ಗುಂಡು ಒತ್ತುವ ಮೊದಲು ಸಾಲಾಗಿ ನಿಲ್ಲಿಸಿದ ಎಲ್ಲ ಕೊಳವೆಗಳೊಳಗೂ ಟಾರ್ಚು ಬಿಟ್ಟು ಮದ್ದಿನ ಮಟ್ಟ ಒಂದೇ ಇದೆಯೇ ಎಂದು ನೋಡಬೇಕು. ಮೇಜಿನ ಮೇಲೆ ಒಂದೇ ಜಾತಿಯ ಮದ್ದಿನ ಡಬ್ಬಿ ಇರಬೇಕು, ಎರಡನೆಯದು ಬೀರುವಿನಲ್ಲಿ. ರೇಡಿಯೋ ಇಲ್ಲ, ಮಾತಿಲ್ಲ, ಬಿಯರ್ ಅಂತೂ ಇಲ್ಲ. ನಮ್ಮ ಕಡೆ ಅಡಿಗೆಮನೆಯ ಮಡಿ ಇಷ್ಟು ಬಿಗಿಯಿರುತ್ತಿತ್ತು.

ಈ ಮಡಿಗೆ ಕಾರಣವಿದೆ, ಮತ್ತು ಜಗಲಿಯ ಜಾಣರು ತಿಳಿಯಬೇಕಾದದ್ದು ಇದನ್ನೇ. ಅಜ್ಜಯ್ಯನ ಕೋವಿಗೆ ಹಾಕುತ್ತಿದ್ದದ್ದು ಕರಿಮದ್ದು. ಅದು ಒರಟು, ಹೊಗೆ ಕಾರುತ್ತದೆ, ಆದರೆ ಸಣ್ಣಪುಟ್ಟ ತಪ್ಪನ್ನು ಕ್ಷಮಿಸುತ್ತದೆ. ಚಿಟಿಕೆ ಹೆಚ್ಚಾದರೆ ಅದರ ಬಹುಪಾಲು ನಳಿಗೆಯ ಬಾಯಲ್ಲಿ ಅರ್ಧ ಮಾರು ಬೆಂಕಿಯಾಗಿ ಹೋಗುತ್ತದೆ. ನೋಡುವವರಿಗೆ ಭಯಂಕರ, ಹಂದಿಗೆ ಲಾಭವೂ ಇಲ್ಲ ನಷ್ಟವೂ ಇಲ್ಲ. ಹೊಗೆಯಿಲ್ಲದ ಮದ್ದು ಹಾಗಲ್ಲ. ಮುಚ್ಚಿದ ಜಾಗದಲ್ಲಿ ಒತ್ತಡ ಏರಿದಷ್ಟೂ ಅದು ಬೇಗ ಉರಿಯುತ್ತದೆ, ಬೇಗ ಉರಿದಷ್ಟೂ ಒತ್ತಡ ಏರುತ್ತದೆ. ೯.೩ರ ತೋಟಾಕ್ಕೆ ಯೂರೋಪಿನವರು ಹಾಕಿರುವ ಗರಿಷ್ಠ ಮಿತಿ ೩೯೦೦ ಬಾರ್. ನಿಮ್ಮ ಕಾರಿನ ಚಕ್ರದಲ್ಲಿರುವುದು ಎರಡು ಚಿಲ್ಲರೆ. ಆ ಮಿತಿಯ ಹತ್ತಿರ ಹೋದಾಗ ಇನ್ನೊಂದು ಗ್ರೇನು, ಅಂದರೆ ಅರ್ಧ ಗುಲಗಂಜಿ, ಸೇರಿಸಿದರೆ ಸಿಗುವ ವೇಗ ಸೆಕೆಂಡಿಗೆ ಹತ್ತು ಹನ್ನೆರಡು ಮೀಟರು. ವೇಗ ನೂರಕ್ಕೆ ಒಂದೂವರೆ ಏರುವಷ್ಟರಲ್ಲಿ ಒತ್ತಡ ಅದರ ಎರಡು ಮೂರು ಪಟ್ಟು ಏರಿರುತ್ತದೆ. ಇದರ ಹಿಂದೆ ಕೂತಿರುವುದು ಹೊಡೆಯುವವನ ಮುಖ. ಅಜ್ಜಯ್ಯನ ಚಿಟಿಕೆಯನ್ನು ಅಭ್ಯಾಸಬಲದಿಂದ ಈ ಮದ್ದಿಗೆ ತಂದವನಿಗೆ ಕೆನ್ನೆಯ ಮೇಲೆ ನೀಲಿ ಚುಕ್ಕೆಯಷ್ಟೇ ಉಳಿದರೆ ಪುಣ್ಯ.

ನಾನು ತಂದೆ. ಮೂರು ವರ್ಷ ಕಟ್ಟಿ ಕೈ ಪಳಗಿತು ಎಂಬ ಸೊಕ್ಕು ಬಂದಿತ್ತು. ಗಣಿಯ ಗೆಳೆಯರು ನನ್ನ ರೈಫಲ್ಲನ್ನು ಟ್ರಾಕ್ಟರ್ ಎಂದು ಗೇಲಿ ಮಾಡುತ್ತಿದ್ದರು. ಒಂದು ಜುಲೈ ತಿಂಗಳು, ಅಲ್ಲಿ ಅದು ಚಳಿಗಾಲ, ೨೮೬ರ ಬದಲು ೨೩೨ ಗ್ರೇನಿನ ಹಗುರ ಗುಂಡು ತಂದು, ಪುಸ್ತಕ ಹೇಳಿದ ಗರಿಷ್ಠಕ್ಕಿಂತ ಸ್ವಲ್ಪ ಮುಂದೆ ಹೋಗಿ ಇಪ್ಪತ್ತು ತೋಟಾ ಕಟ್ಟಿದೆ. ಓಮ್‌ಗೆ ಹೇಳಲಿಲ್ಲ. ಬೆಳಗಿನ ಚಳಿಯಲ್ಲಿ ಎರಡು ಹೊಡೆದು ನೋಡಿದೆ, ಎರಡೂ ಗುರಿಗೆ ಬಿದ್ದವು. ಕೊಳವೆ ತೆಗೆದು ನೋಡಿದಾಗ ಕೇಪು ಚಪ್ಪಟೆಯಾಗಿ ಅಂಚು ಮಾಯವಾಗಿತ್ತು. ಎಚ್ಚರಿಕೆಯ ಗುರುತು ಅದೇ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಜೇಬಿಗೆ ಹಾಕಿಕೊಂಡೆ.

ಸೆಪ್ಟೆಂಬರ್ ಕೊನೆಯಲ್ಲಿ ಓಮ್ ಅವರ ಜಮೀನಿಗೆ ಹೋದೆವು. ತೋಟಾದ ಡಬ್ಬಿ ಮಧ್ಯಾಹ್ನದವರೆಗೆ ಪಿಕಪ್ಪಿನ ಗಾಜಿನ ಹಿಂದೆ ಬಿಸಿಲಿನಲ್ಲಿ ಬಿದ್ದಿತ್ತು. ಬಿಸಿಯಾದ ಮದ್ದಿನ ಒತ್ತಡ ಏರುತ್ತದೆ. ಹಳೆಯ ಇಂಗ್ಲಿಷ್ ತಯಾರಕರಿಗೆ ಇದು ಗೊತ್ತಿತ್ತು. ಭಾರತಕ್ಕೂ ಆಫ್ರಿಕಕ್ಕೂ ಕಳಿಸುವ ತೋಟಾಗಳ ಕೊಳವೆ ದೊಡ್ಡದಿಟ್ಟು, ಕಾರ್ಡೈಟನ್ನು ಹಿಡಿತದಲ್ಲಿ ತುಂಬುತ್ತಿದ್ದರು. ನಮ್ಮ ಬೆವರಿನ ಲೆಕ್ಕ ಲಂಡನ್ನಿನಲ್ಲಿ ಕೂತವನಿಗಿತ್ತು, ತೀರ್ಥಹಳ್ಳಿ ಕಡೆಯವನಾದ ನನಗಿರಲಿಲ್ಲ.

ಕುಡು ಎಂದರೆ ನಮ್ಮ ಕಡವೆಯ ಗಾತ್ರದ, ತಿರುಪು ಕೊಂಬಿನ ಪ್ರಾಣಿ. ಗಂಡು ಒಂದು ಅರವತ್ತು ಮೀಟರ್ ದೂರದಲ್ಲಿ ಮುಳ್ಳುಮರದಡಿ ಅಡ್ಡ ನಿಂತಿತ್ತು. ಹೆಗಲಿಗೆ ಹೊಡೆದೆ. ಕುಸಿಯಿತು, ಎದ್ದಿತು. ಎರಡನೇ ಈಡಿಗೆ ಬೋಲ್ಟು ಎತ್ತಲು ಹೋದರೆ ಅಲುಗಲಿಲ್ಲ. ಕೊಳವೆ ಉಬ್ಬಿ ನಳಿಗೆಯ ಬುಡಕ್ಕೆ ಕಚ್ಚಿತ್ತು. ಅಂಗೈಯಿಂದ ಗುದ್ದಿದೆ, ಬೂಟಿನಿಂದ ಒದ್ದೆ. ಅದು ಮೂರು ಕಾಲಿನಲ್ಲಿ ನನ್ನ ಕಣ್ಣೆದುರೇ ಪೊದೆಯೊಳಗೆ ಹೋಯಿತು. ಓಮ್ ಇನ್ನೊಂದು ದಿಕ್ಕಿನಲ್ಲಿದ್ದರು. ಕತ್ತಲಾಗುವವರೆಗೆ ನೆತ್ತರು ಹಿಡಿದು ಹೋದೆವು, ಕಲ್ಲುನೆಲದಲ್ಲಿ ಜಾಡು ತಪ್ಪಿತು. ಮರುದಿನ ಬೆಳಿಗ್ಗೆ ಸಿಕ್ಕಿತು. ಹಿಂದುಗಡೆಯಿಂದ ನರಿಗಳು ತಿಂದಿದ್ದವು. ಅವು ತಿನ್ನಲು ಶುರು ಮಾಡಿದಾಗ ಅದಕ್ಕೆ ಜೀವ ಇತ್ತೋ ಇಲ್ಲವೋ ಎಂದು ನಾನು ಕೇಳಲಿಲ್ಲ, ಓಮ್ ಹೇಳಲಿಲ್ಲ. ಹೆಗಲು ಕೊಯ್ದು ನೋಡಿದರೆ ಗುಂಡು ಕೀಲಿನ ಮೂಳೆಗೆ ಬಡಿದು ಚೂರುಚೂರಾಗಿತ್ತು. ಒಂದು ಚೂರೂ ಶ್ವಾಸಕೋಶಕ್ಕೆ ಮುಟ್ಟಿರಲಿಲ್ಲ. ಹಗುರ ಗುಂಡು, ಮೆದು ಮೂತಿ, ಹತ್ತಿರದ ಗುರಿ, ಮಿತಿ ಮೀರಿದ ವೇಗ. ನಿಧಾನದ ೨೮೬ ಆ ಮೂಳೆ ದಾಟಿ ಆಚೆ ಬದಿಯವರೆಗೂ ಹೋಗುತ್ತಿತ್ತು. ನಾನು ಸೇರಿಸಿದ ಚಿಟಿಕೆಯೇ ಗುಂಡನ್ನು ಒಡೆಯಿತು, ಅದೇ ಬೋಲ್ಟನ್ನೂ ಕಚ್ಚಿಸಿತು.

ಓಮ್ ಬೈಯಲಿಲ್ಲ. ಉಳಿದ ಹದಿನೇಳು ತೋಟಾಗಳನ್ನು ಮೇಜಿನ ಮೇಲೆ ಸಾಲಾಗಿ ಇಡಿಸಿ, ಒಂದೊಂದರಿಂದಲೂ ನನ್ನ ಕೈಯಲ್ಲೇ ಗುಂಡು ಕೀಳಿಸಿ, ಮದ್ದನ್ನು ತಮ್ಮ ಹೆಂಡತಿಯ ಗುಲಾಬಿ ಗಿಡಗಳ ಬುಡಕ್ಕೆ ಸುರಿಸಿದರು.

ಈಗ ಜಗಲಿಗೆ ಬರೋಣ. ತೇಜಸ್ವಿಯವರ ಅನುವಾದದಲ್ಲಿ ಕೆನೆತ್ ಆಂಡರ್ಸನ್ ಓದದ ಶಿಕಾರಿ ಕತೆಗಾರ ನಮ್ಮಲ್ಲಿಲ್ಲ. ಆಂಡರ್ಸನ್ ಕೈಯಲ್ಲಿದ್ದದ್ದು ೪೦೫ ವಿಂಚೆಸ್ಟರ್, ೧೯೦೪ರ ತೋಟಾ, ಇದೂ ಮಧ್ಯಮ ನಳಿಗೆಯೇ. ೩೦೦ ಗ್ರೇನಿನ ಗುಂಡು ಸೆಕೆಂಡಿಗೆ ಸುಮಾರು ೬೭೦ ಮೀಟರ್ ವೇಗದಲ್ಲಿ ಹೋಗುತ್ತದೆ, ಅಂದರೆ ನನ್ನ ಟ್ರಾಕ್ಟರಿಗಿಂತಲೂ ನಿಧಾನ. ಕಂಪೆನಿ ಆ ತೋಟಾ ನಿಲ್ಲಿಸಿದ ಮೇಲೆ ದಶಕಗಳ ಕಾಲ ಅಮೆರಿಕದಲ್ಲಿ ಆ ರೈಫಲ್ಲುಗಳನ್ನು ಬದುಕಿಸಿದವರು ಮನೆಯಲ್ಲಿ ತೂಗಿ ಕಟ್ಟುವವರೇ. ಇನ್ನು ಕಾರ್ಬೆಟ್. ಅವರು ೧೯೦೭ರಲ್ಲಿ ಹೊಡೆದ ಚಂಪಾವತದ ಹುಲಿ ೪೩೬ ಜನರನ್ನು ಕೊಂದಿತ್ತು. ಅದರ ಬಲಬದಿಯ ಮೇಲಿನ ಕೋರೆಹಲ್ಲು ಅರ್ಧ ಮುರಿದಿತ್ತು, ಕೆಳಗಿನದು ಬುಡದವರೆಗೆ ಹೋಗಿತ್ತು. ಹಿಂದೆ ಯಾರೋ ಹೊಡೆದ ಗುಂಡಿನ ಗಾಯ ಅದು, ತನ್ನ ಸಹಜ ಬೇಟೆ ಹಿಡಿಯಲಾಗದೆ ಅದು ಮನುಷ್ಯರ ಕಡೆ ತಿರುಗಿತು ಎಂದು ಕಾರ್ಬೆಟ್ಟರೇ ಬರೆದಿದ್ದಾರೆ. ಆ ಯಾರೋ ಎಷ್ಟು ಮದ್ದು ಹಾಕಿದ್ದನೋ ಯಾರಿಗೂ ಗೊತ್ತಿಲ್ಲ. ಗುಂಡು ಬಿದ್ದ ಜಾಗ ಮಾತ್ರ ಗೊತ್ತು. ಅವನೂ ತನ್ನ ಊರಿನ ಜಗಲಿಯಲ್ಲಿ ಕತೆ ಹೇಳಿರಬೇಕು.

ಅತಿ ಮದ್ದಿನ ಕೋವಿ ಭುಜಕ್ಕೆ ಒದೆಯುತ್ತದೆ. ನಾಲ್ಕು ಸಲ ಒದೆಸಿಕೊಂಡವನು ಐದನೇ ಸಲ ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ. ಇದನ್ನು ಯಾವ ಗಂಡಸೂ ಒಪ್ಪುವುದಿಲ್ಲ, ನಾನು ಗುರಿ ಮೈದಾನದಲ್ಲಿ ಡಜನ್‌ಗಟ್ಟಲೆ ಜನರಲ್ಲಿ ಕಂಡಿದ್ದೇನೆ.

೨೦೨೧ರಲ್ಲಿ ದಕ್ಷಿಣ ಆಫ್ರಿಕದ ಸರ್ಕಾರ ಹೊರಡಿಸಿದ ತಿದ್ದುಪಡಿ ಕರಡಿನಲ್ಲಿ ಮನೆಯಲ್ಲಿ ತೋಟಾ ಕಟ್ಟುವುದನ್ನೇ ನಿಲ್ಲಿಸುವ ಪ್ರಸ್ತಾಪವಿತ್ತು. ವಿರೋಧದ ಪತ್ರಗಳು ರಾಶಿ ಬಿದ್ದವು. ನಾನು ಆಗ ಊರು ಸೇರಿದ್ದೆ, ಆದರೂ ಹೊಟ್ಟೆ ಉರಿಯಿತು. ತಕ್ಕಡಿಯ ಮುಂದೆ ಉಸಿರು ಬಿಗಿಹಿಡಿದು ಕೂರುವ ಓಮ್‌ನಂಥವರ ಕೈ ಕಟ್ಟಿದರೆ ಕಳ್ಳಬೇಟೆ ನಿಲ್ಲುವುದಿಲ್ಲ. ಕಳ್ಳನಿಗೆ ತಕ್ಕಡಿಯೇ ಬೇಡ. ಆದರೆ ನಿಜ ಹೇಳಬೇಕೆಂದರೆ ಅಂಥ ಕರಡು ಬರೆಯುವವರ ಕೈಗೆ ಕೋಲು ಕೊಟ್ಟವರಲ್ಲಿ ನಾನೂ ಒಬ್ಬ. ಪುಸ್ತಕದ ಮಿತಿ ಹೇಡಿಗಳಿಗೆ ಎಂದು ನಕ್ಕವರೆಲ್ಲ ಇದರಲ್ಲಿ ಪಾಲುದಾರರು.

ದೊಡ್ಡಪ್ಪನ ಮಗನಿಗೆ ಇಷ್ಟನ್ನೂ ಹೇಳಿದೆ. "ನೀನು ಆಫ್ರಿಕಕ್ಕೆ ಹೋಗಿ ಪುಕ್ಕಲನಾದೆ ಬಿಡು" ಎಂದು ಎಲೆಗೆ ಸುಣ್ಣ ಹಚ್ಚಿದ. ಒಳಗೆ ಹೋಗಿ ನನ್ನ ಪೆಟ್ಟಿಗೆಯಿಂದ ಓಮ್ ಬರೆಯಿಸಿದ ನೋಟುಪುಸ್ತಕ ತಂದು ತೋರಿಸಿದೆ. ಪ್ರತಿ ಪುಟದಲ್ಲೂ ಗುಂಡಿನ ತೂಕ, ಮದ್ದಿನ ತೂಕ, ಅಂದಿನ ಸೆಖೆ, ದೂರ, ಫಲ. ಆ ಪುಟವನ್ನು ಅವನು ಓದಿದ. ಫಲ ಎಂಬಲ್ಲಿ ನನ್ನ ಕೈಬರಹದಲ್ಲೇ ಇದೆ: ಹೊಡೆದದ್ದು ಮಧ್ಯಾಹ್ನ ಮೂರೂವರೆ, ಸಿಕ್ಕಿದ್ದು ಮರುದಿನ ಬೆಳಿಗ್ಗೆ ಏಳೂಕಾಲು.